ಸುಟ್ಟುಹೋಗದ ದಫ್ತರ

ರೆಗೀನಾ ವ್ರೋನಾಗೆ ಸಂಶಯವೆಂಬುದು ಹುಟ್ಟಿನಿಂದ ಬಂದದ್ದೋ ಅಂಚೆ ಕಚೇರಿಯಿಂದ ಬಂದದ್ದೋ ಹೇಳುವುದು ಕಷ್ಟ. ಮೂವತ್ತೈದು ವರ್ಷ ಕಿಟಕಿಯ ಹಿಂದೆ ಕೂತು ಊರಿನ ಲಕೋಟೆಗಳಿಗೆಲ್ಲ ಮುದ್ರೆ ಒತ್ತಿದವಳು. ಯಾವ ಕೈಬರಹ ಯಾರದು, ಯಾರ ಗಂಡ ಯಾವ ಊರಿನ ಯಾವ ವಿಧವೆಗೆ ಕ್ರಿಸ್‌ಮಸ್ ಕಾರ್ಡು ಕಳಿಸುತ್ತಾನೆ, ಯಾರ ಮಗ ದಪ್ಪ ಲಕೋಟೆಯಲ್ಲಿ ತೆಳ್ಳನೆಯ ಸುಳ್ಳು ಕಳಿಸುತ್ತಾನೆ, ಎಲ್ಲ ಅವಳಿಗೆ ಗೊತ್ತಿತ್ತು. ನಿವೃತ್ತಿಯಾಗಿ ಎಂಟು ವರ್ಷವಾದರೂ ಅಂಗಡಿಯಲ್ಲಿ ಮೊಟ್ಟೆ ಕೊಂಡರೆ ಒಂದೊಂದನ್ನೂ ಬೆಳಕಿಗೆ ಹಿಡಿದು ನೋಡಿಯೇ ಬುಟ್ಟಿಗೆ ಹಾಕುತ್ತಿದ್ದಳು.

ಅಂಥವಳು ಬದುಕಿನಲ್ಲಿ ಎರಡೇ ಎರಡು ವಿಷಯಗಳನ್ನು ಬೆಳಕಿಗೆ ಹಿಡಿಯದೆ ನಂಬಿದ್ದಳು. ಒಂದು, ತಾನು ವಿಲಾಮೋವ್ಸ್ಕಿ ಮನೆತನದ ಮಗಳು ಎಂಬುದು. ಇನ್ನೊಂದು, ಗಂಡ ಬ್ರೋನೆಕ್‌ಗೆ ಸುಳ್ಳು ಹೇಳುವಷ್ಟು ಬುದ್ಧಿ ಇಲ್ಲ ಎಂಬುದು.

ವಿಲಾಮೋವ್ಸ್ಕಿಗಳೆಂದರೆ ನಾರೆವ್ ನದಿಯ ಈಚೆ ದಂಡೆಯ ವಿಲಾಮೋವೊ ಹಳ್ಳಿಯ ಕುಲೀನರು. ಕುಲೀನರು ಎಂದ ಕೂಡಲೇ ಅರಮನೆ, ಸಾರೋಟು ಎಂದು ಯಾರೂ ಹಿಗ್ಗಬೇಕಾಗಿಲ್ಲ. ಒಂದು ಕುದುರೆ, ಎರಡು ಹಸು, ಸೋರುವ ಹುಲ್ಲುಮಾಡು, ಇಷ್ಟೇ ಅವರ ಸಂಸ್ಥಾನ. ಆದರೆ ಅವರ ಹೆಂಗಸರು ಆಲೂಗಡ್ಡೆ ಕೀಳುವಾಗಲೂ ಕೈಗವಸು ತೊಡುತ್ತಿದ್ದರು, ಗಂಡಸರು ಉಳುಮೆಯ ನಡುವೆಯೂ ಒಬ್ಬರಿಗೊಬ್ಬರು ಬಹುವಚನ ಬಿಡುತ್ತಿರಲಿಲ್ಲ, ಇಗರ್ಜಿಯಲ್ಲಿ ಅವರ ಬೆಂಚೇ ಬೇರೆ. ಹಳ್ಳದ ಆಚೆಗಿನ ಲಿಪ್ನಿಕಿ ಹಳ್ಳಿಯಲ್ಲಿ ಇದ್ದವರು ಬರೀ ಕೂಲಿನಾಲಿಯವರು. ಎರಡೂ ಊರಿಗೆ ಇಗರ್ಜಿ ಒಂದೇ, ಸ್ಮಶಾನ ಒಂದೇ, ಜಂಭ ಮಾತ್ರ ಒಂದೇ ಕಡೆಗೆ. ಬ್ರೋನೆಕ್ ಲಿಪ್ನಿಕಿಯವನು. ನಲವತ್ತೈದು ವರ್ಷದ ಹಿಂದೆ ರೆಗೀನಾ ಹಳ್ಳ ದಾಟಿ ಅವನನ್ನು ಮದುವೆಯಾದಾಗ ಅವಳ ತಾಯಿ ಒಂದು ವಾರ ಊಟ ಬಿಟ್ಟಿದ್ದಳಂತೆ. ಆ ಒಂದು ವಾರದ ಊಟವನ್ನು ಬ್ರೋನೆಕ್ ಇವತ್ತಿನವರೆಗೂ ತೀರಿಸುತ್ತಿದ್ದಾನೆ.

ಜಗಳ ಬಂದಾಗಲೆಲ್ಲ ರೆಗೀನಾ ತೆಗೆಯುತ್ತಿದ್ದ ಕತ್ತಿಯೊಂದಿತ್ತು. ಬ್ರೋನೆಕ್‌ನ ಅಜ್ಜಿಯ ಜನನಪತ್ರದಲ್ಲಿ ತಂದೆಯ ಹೆಸರಿನ ಜಾಗದಲ್ಲಿ ಇದ್ದದ್ದು ಒಂದು ಗೆರೆ ಮಾತ್ರ. ಅದು ಊರಿಗೆಲ್ಲ ಗೊತ್ತಿದ್ದ ಗುಟ್ಟು. ಒಲೆಯ ಮೇಲಿನ ಹಾಲು ಉಕ್ಕಿದರೂ ಸರಿ, ಬಾಗಿಲಿಗೆ ಬೂಟಿನ ಕೆಸರು ಮೆತ್ತಿದರೂ ಸರಿ, ರೆಗೀನಾಳ ಮಾತು ಸುತ್ತಿ ಬಳಸಿ ಆ ಗೆರೆಗೇ ಬಂದು ನಿಲ್ಲುತ್ತಿತ್ತು. "ಅಪ್ಪ ಯಾರಂತಾನೇ ಗೊತ್ತಿಲ್ದಿರೋ ಮನೆಯೋರಿಂದ ಇನ್ನೇನು ನಿರೀಕ್ಷೆ ಮಾಡೋಕಾಗತ್ತೆ!" ಬ್ರೋನೆಕ್ ಟೋಪಿ ಹಾಕಿಕೊಂಡು ಸೌದೆಮನೆಗೆ ಹೋಗಿಬಿಡುತ್ತಿದ್ದ. ಅವರ ಮನೆಯಲ್ಲಿ ಸೌದೆಗೆ ಯಾವತ್ತೂ ಬರ ಬಂದದ್ದಿಲ್ಲ.

ಆ ಆಗಸ್ಟಿನಲ್ಲಿ ವಾರ್ಸಾದಿಂದ ಕ್ಸಾವೆರಿ ವಿಲಾಮೋವ್ಸ್ಕಿಯ ಫೋನು ಬಂತು. ನಿವೃತ್ತ ದಂತವೈದ್ಯ, ದೂರದ ದಾಯಾದಿ, ಮನೆತನದ ಸಮಾವೇಶದ ಸೂತ್ರಧಾರ. ಸೆಪ್ಟೆಂಬರಿನಲ್ಲಿ ನೂರಾ ಎಂಬತ್ತು ಜನ ವಿಲಾಮೋವ್ಸ್ಕಿಗಳು ಒಂದೆಡೆ ಸೇರುವವರಿದ್ದರು. ಅಲ್ಲಿ ಗೋಡೆಯಗಲದ ಬಟ್ಟೆಯ ಮೇಲೆ ಇಡೀ ವಂಶವೃಕ್ಷ.

"ನೋಡಿ ರೆಗೀನಾ ಅವರೇ," ಎಂದ ಕ್ಸಾವೆರಿ, ಹಲ್ಲು ಕೀಳುವ ಮೊದಲು ಸಮಾಧಾನ ಹೇಳುವ ದನಿಯಲ್ಲಿ. "ನಿಮ್ಮ ಮುತ್ತಜ್ಜ ಫೆಲಿಕ್ಸ್ ಇದಾರಲ್ಲ, ಅವರ ಮದುವೆ ದಾಖಲೆ ಸಿಕ್ಕಿದೆ. ಮಾಚೇಯ್ ಮತ್ತು ಹೊನೊರಾತಾ ವಿಲಾಮೋವ್ಸ್ಕಿ ಅವರ ಮಗ ಅಂತ ಸ್ಪಷ್ಟವಾಗಿ ಬರೆದಿದೆ. ಸತ್ತ ದಾಖಲೆನೂ ಇದೆ. ಹುಟ್ಟಿದ್ದೇ ಇಲ್ಲ! ಹುಟ್ಟದೇ ಇದ್ದೋರನ್ನ ಮರದ ಮೇಲೆ ಹ್ಯಾಗೆ ಕೂರಿಸೋದು?"

"ಆ ವರ್ಷದ ಇಗರ್ಜಿಯ ಜನನ ದಫ್ತರ ಯುದ್ಧದಲ್ಲಿ ಸುಟ್ಟೋಗಿದೆ," ಎಂದಳು ರೆಗೀನಾ. "ನನ್ನ ಗಂಡ ದಾಖಲೆ ಭಂಡಾರಕ್ಕೆ ಖುದ್ದಾಗಿ ಹೋಗಿ ವಿಚಾರಿಸ್ಕೊಂಡು ಬಂದಿದಾನೆ. ತೊಂಬತ್ಮೂರರಲ್ಲೇ."

"ಇರಬಹುದು. ಆದ್ರೆ ಸಮಿತಿ ತೀರ್ಮಾನ ಏನಪ್ಪ ಅಂದ್ರೆ, ಜನನದ ಆಧಾರ ಇಲ್ದಿರೋ ಕೊಂಬೆಗಳಿಗೆ ಚುಕ್ಕಿಗೆರೆ. ನಿಮ್ಮದೊಂದೇ ಕೊಂಬೆ ಉಳಿದಿರೋದು."

ಚುಕ್ಕಿಗೆರೆ! ನೂರಾ ಎಂಬತ್ತು ಜನರ ಮುಂದೆ, ಪಕ್ಕದ ಮನೆಯ ಕೋಳಿ ಬೇಲಿ ಹಾರಿ ಬಂದ ಹಾಗೆ, ಚುಕ್ಕಿಗೆರೆಯ ತುದಿಯಲ್ಲಿ ರೆಗೀನಾ! ಅವಳಿಗೆ ಮೈಯೆಲ್ಲ ಉರಿದುಹೋಯಿತು. ಹಜಾರದಲ್ಲಿ ತೂಗುಹಾಕಿದ್ದ ವಂಶಲಾಂಛನದ ಚೌಕಟ್ಟನ್ನು ತನ್ನ ಏಪ್ರನ್ನಿನ ಅಂಚಿನಿಂದ ಒರೆಸಿ, ಮರುದಿನವೇ ಪೇಟೆಯ ಗ್ರಂಥಾಲಯಕ್ಕೆ ಹೋದಳು.

ಗ್ರಂಥಪಾಲಕಿ ಇರ್ಮಿನಾ ಅವಳಷ್ಟೇ ವಯಸ್ಸಿನವಳು, ಶಾಲೆಯಲ್ಲಿ ಜೊತೆಗೆ ಓದಿದವಳು. ಈಚೆಗೆ ಗಂಟೆಗಟ್ಟಲೆ ಕಂಪ್ಯೂಟರಿನ ಮುಂದೆ ಕೂತು ಸತ್ತವರನ್ನು ಹುಡುಕಿಕೊಡುವುದೇ ಅವಳ ಕಸುಬಾಗಿತ್ತು. ಬದುಕಿದ್ದವರು ಪುಸ್ತಕ ಕೇಳಿಕೊಂಡು ಬರುವುದು ಕಡಿಮೆಯಾಗಿತ್ತು.

"ಸುಟ್ಟೋಗಿದೆ ಅಂದ್ರೆ ನೀನ್ಯಾಕೆ ಇಲ್ಲಿಗೆ ಬಂದೆ?" ಎಂದಳು ಇರ್ಮಿನಾ.

"ಸುಟ್ಟೋಗಿದೆ ಅಂತ ಒಂದು ಕಾಗದ ಬೇಕು. ಮೊಹರು ಸಮೇತ. ಆ ಹಲ್ಲು ಡಾಕ್ಟರ ಮುಖಕ್ಕೆ ಹಿಡೀಬೇಕು."

ಇರ್ಮಿನಾ ಕನ್ನಡಕ ಏರಿಸಿ, ಒಂದು ಜಾಲತಾಣ ತೆರೆದು, ಇಗರ್ಜಿಯ ಹೆಸರು ಒತ್ತಿದಳು. ಹಳೆಯ ದಫ್ತರಗಳ ಫೋಟೋ ತೆಗೆದು, ಓದಿ, ಹೆಸರುಗಳ ಸೂಚಿ ಮಾಡಿ ಹಾಕುವ ಸ್ವಯಂಸೇವಕರ ತಾಣ ಅದು. ವರ್ಷಗಳು ಸಾಲಾಗಿ ಇಳಿದವು. ಫೆಲಿಕ್ಸ್‌ನ ಗೋರಿಕಲ್ಲಿನ ಮೇಲೆ ಕೆತ್ತಿದ್ದ ವರ್ಷ ೧೮೬೭. ಇರ್ಮಿನಾಳ ಬೆರಳು ಅಲ್ಲೇ ನಿಂತಿತು.

"ಸುಟ್ಟಿಲ್ಲ ಕಣೇ. ೧೮೬೭, ಜನನ, ಪೂರ್ತಿ ಇದೆ. ಹೋದ ಚಳಿಗಾಲದಲ್ಲಿ ಹಾಕಿದಾರೆ."

"ಸರಿಯಾಗಿ ನೋಡು."

"ನೀನೇ ನೋಡು ತಾಯಿ. ನೂರಾ ನಲವತ್ತೊಂದು ನಮೂದು. ಸುಟ್ಟಿರೋದು ಅಂಚಲ್ಲಿ ಒಂದು ಮೂಲೆನೂ ಇಲ್ಲ."

ರೆಗೀನಾ ಕುರ್ಚಿ ಎಳೆದುಕೊಂಡು ಕೂತಳು. ಸೂಚಿಯಲ್ಲಿ ಫೆಲಿಕ್ಸ್ ವಿಲಾಮೋವ್ಸ್ಕಿ ಇರಲಿಲ್ಲ. ಅಂಚೆಯವಳ ಕಣ್ಣು ಹೆಸರು ಬಿಟ್ಟು ಸಂಖ್ಯೆಗಳ ಮೇಲೆ ಓಡಿತು. ಐವತ್ತೊಂಬತ್ತು, ಅರವತ್ತು, ಅರವತ್ತೊಂದು, ಅರವತ್ತಮೂರು. ಅರವತ್ತೆರಡು ಎಲ್ಲಿ? ಕೆಳಗೆ ಸಣ್ಣ ಅಕ್ಷರದಲ್ಲಿ ಒಂದು ಟಿಪ್ಪಣಿ: ಚಿತ್ರ ಮಸುಕಾಗಿದೆ, ಓದಲಾಗಲಿಲ್ಲ. ಇರ್ಮಿನಾ ಆ ಪುಟದ ಚಿತ್ರ ತೆರೆದಳು. ಮಂಜಿನಂಥ ಕಂದು ಬಣ್ಣ, ಅದರೊಳಗೆ ಎಳೆದಾಡಿದ ಮಸಿ, ಅಷ್ಟೇ.

"ಫೋಟೋ ತೆಗೆಯೋವಾಗ ಹಾಳೆ ಮಗುಚಿದೆ ಪಾಪ."

"ನೂರಾ ನಲವತ್ತೊಂದರಲ್ಲಿ ನನ್ನ ಮುತ್ತಜ್ಜಂದೇ ಮಗುಚ್ಬೇಕಿತ್ತಾ? ಯಾರು ತೆಗ್ದಿದ್ದು ಇದು? ಯಾವೂರವರು?"

"ಅಯ್ಯೋ, ಯಾರೋ ಪುಣ್ಯಾತ್ಮರು. ಸಂಬಳ ಇಲ್ದೆ ಮಾಡೋ ಕೆಲಸ ಅದು. ಅವ್ರಿಗೂ ನಿನ್ನ ಮುತ್ತಜ್ಜಂಗೂ ಏನು ದ್ವೇಷ ಇರತ್ತೆ?"

ರೆಗೀನಾ ಅವಳನ್ನೂ ಒಮ್ಮೆ ಅಳೆದು ನೋಡಿದಳು. ಇರ್ಮಿನಾಳನ್ನು ಕೊಟ್ಟಿದ್ದು ಲಿಪ್ನಿಕಿಗೆ ಎಂಬುದು ಆಗ ನೆನಪಾಯಿತು. ಚಿತ್ರ ಮಸುಕಾಗಿದ್ದರೆ ಭಂಡಾರದವರು ಮೂಲ ದಫ್ತರವನ್ನೇ ತೋರಿಸುತ್ತಾರೆ, ಮೊದಲೇ ಬರೆದು ಕೇಳಬೇಕು ಎಂದು ಇರ್ಮಿನಾ ಹೇಳಿದಳು. ಅರ್ಜಿಯನ್ನೂ ಅವಳೇ ತುಂಬಿಕೊಟ್ಟಳು. ರೆಗೀನಾ ಅದನ್ನು ಎರಡು ಸಲ ಓದಿ, ಸಂಖ್ಯೆ ಸರಿಯಾಗಿದೆಯೇ ಎಂದು ಪರೀಕ್ಷಿಸಿ, ಆಮೇಲೆ ಕಳಿಸಲು ಒಪ್ಪಿದಳು.

ಮನೆಗೆ ಬರುವ ದಾರಿಯುದ್ದಕ್ಕೂ ಅವಳ ತಲೆಯಲ್ಲಿ ಓಡುತ್ತಿದ್ದದ್ದು ಮುತ್ತಜ್ಜನಲ್ಲ, ಗಂಡ. ದಫ್ತರ ಸುಟ್ಟಿಲ್ಲ. ಬ್ರೋನೆಕ್ ಸುಟ್ಟಿದೆ ಎಂದಿದ್ದ. ಹಾಗಾದರೆ ಬ್ರೋನೆಕ್ ಆ ದಿನ ಭಂಡಾರಕ್ಕೆ ಹೋಗಿರಲೇ ಇಲ್ಲ. ಹೋಗಿರದಿದ್ದರೆ ಎಲ್ಲಿಗೆ ಹೋಗಿದ್ದ?

೧೯೯೩ರ ಮಾರ್ಚ್. ಹೊಸ ಕಾಲ, ಹೊಸ ಗಾಳಿ, ನಾಡಿಗೆ ನಾಡೇ ತಮ್ಮ ವಂಶಲಾಂಛನ ಹುಡುಕಲು ಹೊರಟಿತ್ತು. ಅವಳು ಹಿಮದ ಮೇಲೆ ಜಾರಿ ಹಿಮ್ಮಡಿ ಮುರಿದುಕೊಂಡು ಮಲಗಿದ್ದಳು. ಹಾಲಿನ ಡೈರಿಗೆ ರಜೆ ಹಾಕಿ ನಗರಕ್ಕೆ ಹೋಗಿಬಂದದ್ದು ಬ್ರೋನೆಕ್. ಮಂಕಾಗಿ ಬಂದ. ಸುಟ್ಟುಹೋಗಿದೆ ಎಂದ. ಆಮೇಲೆ... ಹೌದು, ಆಮೇಲಲ್ಲವೇ ಜೇನುಬಣ್ಣದ ಆ ಅಂಬರು ಕಲ್ಲಿನ ಪದಕ ತಂದುಕೊಟ್ಟದ್ದು? ಹುಟ್ಟುಹಬ್ಬವಲ್ಲ, ಹೆಸರಿನ ಸಂತನ ಹಬ್ಬವಲ್ಲ, ಈಸ್ಟರಲ್ಲ. ಹದಿನಾಲ್ಕು ವರ್ಷದಲ್ಲಿ ಬಕೆಟ್ಟು, ಮಡಕೆ ಬಿಟ್ಟು ಬೇರೇನೂ ತಾರದ ಗಂಡಸು, ಅಂಬರಿನ ಪದಕ! ಆಗ ಅವಳು ಕಣ್ಣೀರು ಹಾಕಿಕೊಂಡು ಕುತ್ತಿಗೆಗೆ ತೊಟ್ಟಿದ್ದಳು. ಥೂ ನನ್ನ ಬುದ್ಧಿಯೇ, ಎಂದುಕೊಂಡಳು ಈಗ. ಗಂಡಸು ಕಾರಣವಿಲ್ಲದೆ ಒಡವೆ ತಂದರೆ ಕಾರಣ ಇನ್ನೊಂದು ಮನೆಯಲ್ಲಿ ಇರುತ್ತದೆ ಎಂದು ಬೇರೆ ಹೆಂಗಸರಿಗೆ ಅದೆಷ್ಟು ಸಲ ಹೇಳಿರಲಿಲ್ಲ ಅವಳು.

ಬ್ರೋನೆಕ್ ಅಂಗಳದಲ್ಲಿ ಕೂತು ಸೇಬು ಹೆಚ್ಚುತ್ತಿದ್ದ.

"ತೊಂಬತ್ಮೂರರಲ್ಲಿ ನಗರಕ್ಕೆ ಹೋಗಿದ್ದೆಯಲ್ಲ," ಎಂದಳು ರೆಗೀನಾ, ಕೋಟನ್ನೂ ಬಿಚ್ಚದೆ. "ಭಂಡಾರದ ಬಾಗಿಲು ಯಾವ ಬಣ್ಣ?"

"ಏನು?"

"ಬಾಗಿಲು. ಯಾವ ಬಣ್ಣ."

"ಮೂವತ್ತು ವರ್ಷ ಆಯ್ತಲ್ಲೇ ಮಾರಾಯ್ತಿ. ಬಾಗಿಲಿಗೆ ಬಣ್ಣ ಇತ್ತೋ ಇಲ್ವೋ ಯಾರಿಗ್ಗೊತ್ತು."

"ಸುಟ್ಟೋಗಿದೆ ಅಂತ ಹೇಳಿದ್ದು ಯಾರು? ಗಂಡಸೋ ಹೆಂಗಸೋ?"

ಬ್ರೋನೆಕ್‌ನ ಚಾಕು ನಿಂತಿತು. ಇಲ್ಲ, ನಿಲ್ಲಲಿಲ್ಲ, ಸ್ವಲ್ಪ ನಿಧಾನವಾಯಿತು. ರೆಗೀನಾ ಅದನ್ನೂ ಗಮನಿಸಿದಳು.

"ಹೆಂಗಸು... ಇರಬೇಕು."

"ಹೆಂಗಸು! ಅದೇ ಅಂದ್ಕೊಂಡೆ. ದಫ್ತರ ಸುಟ್ಟಿಲ್ಲ ಬ್ರೋನೆಕ್. ಈಗ ತಾನೆ ಕಣ್ಣಾರೆ ನೋಡ್ಕೊಂಡು ಬಂದೆ. ಕಂಪ್ಯೂಟರಲ್ಲಿ ಹಾಕಿದಾರೆ."

ಬ್ರೋನೆಕ್‌ನ ಮುಖ ಬಿಳಿಚಿತು. ಅದನ್ನು ರೆಗೀನಾ ನಿರೀಕ್ಷಿಸಿರಲಿಲ್ಲ. ಯಾಕೆಂದರೆ ಅಲ್ಲಿಯವರೆಗೆ ಅವಳು ಅರ್ಧ ತಮಾಷೆಗೆ, ಅರ್ಧ ಅಭ್ಯಾಸಬಲದಿಂದ ಕೆದಕುತ್ತಿದ್ದಳು. ಅವನು ನಕ್ಕುಬಿಟ್ಟಿದ್ದರೆ ಅವಳೂ ಬೈದು ಸುಮ್ಮನಾಗುತ್ತಿದ್ದಳು.

"ಫೆಲಿಕ್ಸಂದು... ಓದಿದ್ಯಾ?" ಎಂದ ಅವನು.

"ಅದೊಂದು ಪುಟ ಮಸುಕು. ಸೋಮವಾರ ಹೋಗಿ ಮೂಲ ದಫ್ತರಾನೇ ನೋಡ್ತೀನಿ."

"ಹೋಗ್ಬೇಡ ರೇನ್ಯಾ," ಎಂದ, ಅವಳ ಮುದ್ದಿನ ಹೆಸರು ಹಿಡಿದು.

"ಯಾಕೆ?"

"ಅಷ್ಟು ದೂರ. ಬಸ್ಸಲ್ಲಿ ಕಾಲು ಊದ್ಕೊಳ್ಳತ್ತೆ ನಿಂಗೆ. ಆ ಹಲ್ಲು ಕೀಳೋನು ಏನ್ ಗೆರೆ ಬೇಕಾದ್ರೂ ಎಳ್ಕೊಳ್ಲಿ ಬಿಡು. ಗೆರೆಯಿಂದ ಯಾರೂ ದೊಡ್ಡೋರಾಗಲ್ಲ."

"ಆಹಾ! ನಿಮ್ಮ ಮನೇಲಿ ಹಾಗೇ ಅಲ್ವಾ. ಅಪ್ಪನ ಹೆಸರಿರ್ಬೇಕಾದ ಕಡೆ ಒಂದು ಗೆರೆ ಎಳೆದ್ರೆ ಮುಗೀತು! ನಾವು ಹಾಗಲ್ಲಪ್ಪ. ನಮ್ಮಲ್ಲಿ ಒಬ್ಬೊಬ್ಬರಿಗೂ ಅಪ್ಪ ಇದಾನೆ, ಅಪ್ಪನಿಗೂ ಅಪ್ಪ ಇದಾನೆ!"

ಬ್ರೋನೆಕ್ ಏನೋ ಹೇಳಲು ಬಾಯಿ ತೆರೆದ. ಆಮೇಲೆ ಅವನು ಟೋಪಿ ತೆಗೆದುಕೊಂಡು ಸೌದೆಮನೆಗೆ ಹೋದ.

ಸೋಮವಾರದವರೆಗೆ ಅವರ ನಡುವೆ ಮಾತಿರಲಿಲ್ಲ. ರೆಗೀನಾ ಮನಸ್ಸಿನಲ್ಲೇ ಅವನ ಮೇಲೆ ಒಂದೊಂದಾಗಿ ಆರೋಪ ಪೇರಿಸಿದಳು. ಹೆಂಗಸಿನ ಸಹವಾಸ ಒಂದು. ಅದಲ್ಲದಿದ್ದರೆ ಕರುಬು. ಲಿಪ್ನಿಕಿಯವನಿಗೆ ಹೆಂಡತಿ ಕುಲೀನಳೆಂಬುದು ಕಾಗದದ ಮೇಲೆ ಸಾಬೀತಾಗುವುದು ಬೇಕಿರಲಿಲ್ಲ, ಅದಕ್ಕೇ ಮುಚ್ಚಿಟ್ಟ. ಪುಟವನ್ನೇ ಹರಿದಿರಬಹುದು! ಮಸುಕು ಎನ್ನುವುದೆಲ್ಲ ನೆಪ. ಅವನ ಒಳ್ಳೆಯತನವೆಲ್ಲ ನಾಟಕವಿರಬಹುದೇ, ನಲವತ್ತೈದು ವರ್ಷ ತಾನು ಒಬ್ಬ ಅಪರಿಚಿತನಿಗೆ ಸೂಪು ಮಾಡಿ ಬಡಿಸಿದೆನೇ ಎಂದು ಯೋಚಿಸಿದಾಗ ಅವಳಿಗೆ ನಿಜಕ್ಕೂ ಹೆದರಿಕೆಯಾಯಿತು. ವಂಶವೃಕ್ಷ ಹಾಳಾಗಿ ಹೋಗಲಿ, ಈ ಮನುಷ್ಯನನ್ನು ಇನ್ನು ನಂಬುವುದೋ ಬೇಡವೋ ಅಷ್ಟು ತಿಳಿದರೆ ಸಾಕು ಎನ್ನುವ ಹಂತಕ್ಕೆ ಬಂದಿದ್ದಳು.

ಸೋಮವಾರ ಬೆಳಗ್ಗೆ ಒಳ್ಳೆಯ ನೀಲಿ ಕೋಟು ಹಾಕಿ, ಸಾಕ್ಷಿಗೆ ಬೇಕಾಗಬಹುದೆಂದು ಆ ಅಂಬರಿನ ಪದಕವನ್ನೂ ಸಿಕ್ಕಿಸಿಕೊಂಡು ಬಸ್ಸು ಹತ್ತಿದಳು. ಭಂಡಾರದ ಬಾಗಿಲು ಹಸಿರು ಬಣ್ಣದ್ದು. ಓದುಕೋಣೆಯ ಅಧಿಕಾರಿಣಿ ಬೂದು ಕೂದಲಿನ, ಮೆಲುದನಿಯ ಹೆಂಗಸು. ಪೆನ್ನು ಚೀಲದೊಳಗೆ, ಚೀಲ ಕಪಾಟಿನೊಳಗೆ ಇಡಿಸಿ, ಕೈಗೆ ಒಂದು ಸೀಸದಕಡ್ಡಿ ಕೊಟ್ಟಳು. ಆಮೇಲೆ ದಾರ ಕಟ್ಟಿದ ರಟ್ಟಿನ ಹೊದಿಕೆಯೊಳಗೆ ದಫ್ತರ ಬಂತು.

"ಮೊದಲು ಈ ಹಾಳೆ ತುಂಬಿ ಅಮ್ಮಾವ್ರೇ," ಎಂದಳು ಅಧಿಕಾರಿಣಿ. "ದಫ್ತರ ನೋಡಿದೋರೆಲ್ಲ ಇದರಲ್ಲಿ ಬರೀಬೇಕು. ದಿನಾಂಕ, ಹೆಸರು, ಯಾತಕ್ಕೆ, ಯಾವ ಪುಟ, ಸಹಿ. ಅವಸರ ಇಲ್ಲ, ಓದಿ ಆದ್ಮೇಲೆ ಬರೆದ್ರೂ ಆಯ್ತು."

ಹೊದಿಕೆಯ ಒಳಬದಿಗೆ ಅಂಟಿಸಿದ ಹಾಳೆ. ಗೆರೆ ಎಳೆದ ಮನೆಗಳು. ನೂರೈವತ್ತು ವರ್ಷದ ದಫ್ತರಕ್ಕೆ ಓದುಗರು ಮೂರೋ ನಾಲ್ಕೋ ಜನ. ಯಾರೋ ಒಬ್ಬ ಪ್ರಾಧ್ಯಾಪಕ, ೧೯೭೮. ಅವನ ಕೆಳಗೆ, ಶಾಲೆಯ ಹುಡುಗ ಬರೆದಂತೆ ದುಂಡಗೆ, ಕೊನೆಯಲ್ಲಿ ಬಾಲ ಎಳೆದು, ಬ್ರೋನೆಕ್‌ನ ಪೂರ್ತಿ ಹೆಸರು: ಬ್ರೋನಿಸ್ವಾವ್ ವ್ರೋನಾ.

ರೆಗೀನಾ ಲಕ್ಷ ಸಹಿಗಳನ್ನು ನೋಡಿದವಳು. ಈ ಬಾಲವನ್ನು ಜಗತ್ತಿನ ಯಾವ ಮೂಲೆಯಲ್ಲಿ ಕಂಡರೂ ಗುರುತಿಸುತ್ತಿದ್ದಳು. ೯ ಮಾರ್ಚ್ ೧೯೯೩. ಯಾತಕ್ಕೆ ಎಂಬ ಮನೆಯಲ್ಲಿ: ಹೆಂಡತಿಯ ಮನೆತನ. ಪುಟ: ಪೂರ್ತಿ ದಫ್ತರ. ಹಾಗಾದರೆ ಬಂದಿದ್ದ! ಬೇರೆ ಹೆಂಗಸಿನ ಮನೆಗಲ್ಲ, ಇಲ್ಲಿಗೇ ಬಂದಿದ್ದ. ಅವಳಿಗೆ ಒಂದು ಕ್ಷಣ ಹಗುರವಾಯಿತು. ಮರುಕ್ಷಣ ಕೆಳಗಿನ ಸಾಲು ಕಣ್ಣಿಗೆ ಬಿತ್ತು. ಬ್ರೋನಿಸ್ವಾವ್ ವ್ರೋನಾ, ೧೬ ಮಾರ್ಚ್ ೧೯೯೩. ಪುಟ: ನಮೂದು ೬೨ ಮಾತ್ರ.

ಎರಡು ಸಲ! ಒಂದು ವಾರ ಬಿಟ್ಟು ಇನ್ನೊಂದು ಸಲ! ಅವಳಿಗೆ ಹೇಳಿದ್ದು ಒಂದು ಸಲ ಮಾತ್ರ. ಎರಡನೆಯ ಮಂಗಳವಾರ ಗರಗಸದ ಹಲ್ಲು ಹರಿತ ಮಾಡಿಸಬೇಕು ಎಂದು ಹೇಳಿ ಹೋಗಿದ್ದ. ಸಂಜೆ ಬಂದಾಗ ಗರಗಸ ಹಾಗೇ ಮೊಂಡಾಗಿತ್ತು, ಜೇಬಿನಲ್ಲಿ ಅಂಬರಿನ ಪದಕವಿತ್ತು. ಹರಿಯಲಿಕ್ಕೆಂದೇ ವಾಪಸು ಬಂದಿದ್ದಾನೆ ಖದೀಮ! ಎಂದುಕೊಂಡು ರೆಗೀನಾ ಪುಟಗಳನ್ನು ಮಗುಚಿದಳು. ಐವತ್ತೆಂಟು. ಅರವತ್ತು. ಅರವತ್ತೊಂದು.

ಅರವತ್ತೆರಡು ಅಲ್ಲೇ ಇತ್ತು. ಹರಿದಿರಲಿಲ್ಲ, ಹೊಡೆದುಹಾಕಿರಲಿಲ್ಲ. ಪಾದ್ರಿಯ ಮಸಿ ಕಂದಾಗಿತ್ತು, ಅಕ್ಷರ ಮಾತ್ರ ನಿಚ್ಚಳ.

ಅವಳು ಓದಿದಳು. ೧೮೬೭ನೇ ಇಸವಿ ಫೆಬ್ರವರಿ ಹದಿಮೂರರಂದು ಮಧ್ಯಾಹ್ನ ಎರಡು ಗಂಟೆಗೆ, ಲಿಪ್ನಿಕಿ ಹಳ್ಳಿಯ ಕೂಲಿಯಾಳು ಯಾಕುಬ್ ವ್ರೋನಾ, ವಯಸ್ಸು ಮೂವತ್ತನಾಲ್ಕು, ಇಬ್ಬರು ಸಾಕ್ಷಿಗಳೊಂದಿಗೆ ನಮ್ಮೆದುರು ಹಾಜರಾಗಿ, ಗಂಡು ಮಗುವೊಂದನ್ನು ತೋರಿಸಿ, ಈ ದಿನ ಬೆಳಗ್ಗೆ ತಾನು ಸೌದೆಗೆ ಹೋಗುವಾಗ ಹಳ್ಳದ ಪಕ್ಕದ ಶಿಲುಬೆಯ ಬುಡದಲ್ಲಿ ಹಿಮದ ಮೇಲೆ ಈ ಮಗು ಸಿಕ್ಕಿತೆಂದೂ, ತನ್ನ ಕುರಿದೊಗಲಿನ ಕೋಟಿನಲ್ಲಿ ಸುತ್ತಿ ತಂದೆನೆಂದೂ, ತಂದೆತಾಯಿ ಯಾರೆಂದು ತಿಳಿಯದೆಂದೂ ಹೇಳಿದನು. ಮಗುವಿಗೆ ಫೆಲಿಕ್ಸ್ ಎಂದು ಹೆಸರಿಡಲಾಯಿತು. ಇದನ್ನು ಹಾಜರಿದ್ದವರಿಗೆ ಓದಿ ಹೇಳಲಾಯಿತು, ಅವರಿಗೆ ಬರೆಯಲು ಬಾರದು.

ಅಂಚಿನಲ್ಲಿ, ಬೇರೆ ಮಸಿಯಲ್ಲಿ: ಮಗುವನ್ನು ವಿಲಾಮೋವೊದ ಮಕ್ಕಳಿಲ್ಲದ ದಂಪತಿ ಮಾಚೇಯ್ ಮತ್ತು ಹೊನೊರಾತಾ ವಿಲಾಮೋವ್ಸ್ಕಿ ಸಾಕಲು ಒಯ್ದರು.

ರೆಗೀನಾ ಮತ್ತೆ ಓದಿದಳು. ಅಭ್ಯಾಸಬಲ ಎಲ್ಲಿಗೆ ಹೋಗುತ್ತದೆ? ಇದು ಬೇರೆ ಫೆಲಿಕ್ಸ್ ಇರಬಹುದು ಎಂದುಕೊಂಡಳು. ಅಂಚಿನ ಬರಹ ಬ್ರೋನೆಕ್‌ನದೇ ಕರಾಮತ್ತು ಇರಬಹುದು ಎಂದುಕೊಂಡು, ಹಾಳೆಯನ್ನು ಮೆಲ್ಲಗೆ ಎತ್ತಿ ಕಿಟಕಿಯ ಬೆಳಕಿಗೆ ಹಿಡಿದಳು. ಮಸಿ ಹಿಂಬದಿಯವರೆಗೂ ಇಳಿದಿತ್ತು. ನೂರೈವತ್ತು ವರ್ಷ ಇಳಿದ ಮಸಿ. ಅಂಚೆಯವಳಿಗೆ ಅಷ್ಟೂ ತಿಳಿಯುವುದಿಲ್ಲವೇ? ಬ್ರೋನೆಕ್ ಎರಡನೆಯ ಮಂಗಳವಾರ ಮಾಡಿದ್ದೂ ಇದನ್ನೇ ಇರಬೇಕು. ತಾನು ಓದಿದ್ದು ತಪ್ಪಾಗಿರಲಿ ಎಂದು ಬೇಡಿಕೊಂಡು ಬಂದು ಇದೇ ಕಿಟಕಿಗೆ ಹಿಡಿದು ನೋಡಿದ್ದಾನೆ. ತಪ್ಪಾಗಿರಲಿಲ್ಲ. ಆಮೇಲೆ ಎದುರಿನ ಬೀದಿಯ ಅಂಗಡಿಗೆ ಹೋಗಿ ಪದಕ ಕೊಂಡಿದ್ದಾನೆ.

ಆಗ ಅವಳಿಗೆ ಒಂದೊಂದಾಗಿ ನೆನಪಾಗತೊಡಗಿತು. ಹಾಲು ಉಕ್ಕಿದ ದಿನಗಳು. ಕೆಸರು ಬೂಟಿನ ದಿನಗಳು. ಮಗ ಕೊನ್ರಾಡ್‌ನ ಮದುವೆ. ಅಲ್ಲಿ ನೂರಿಪ್ಪತ್ತು ಜನ ಅತಿಥಿಗಳ ಎದುರು, ಬೀಗಿತ್ತಿಯನ್ನು ನಗಿಸಲೆಂದು, ಎರಡು ಗುಟುಕು ಹೆಚ್ಚಾಗಿದ್ದ ಅವಳು ಕೂಗಿ ಹೇಳಿದ್ದಳು: "ನನ್ನ ಮಗನಿಗೆ ಅಪ್ಪನ ಕಡೆಯಿಂದ ಬಂದಿದ್ದು ಒಂದು ಗೆರೆ, ಅಮ್ಮನ ಕಡೆಯಿಂದ ಒಂದು ವಂಶ!" ಎಲ್ಲರೂ ನಕ್ಕಿದ್ದರು. ಬ್ರೋನೆಕ್ ಎದ್ದು ಹೋಗಿದ್ದ. ಹುಡುಕಿಕೊಂಡು ಹೋದ ಕೊನ್ರಾಡ್‌ಗೆ ಅವನು ಸಿಕ್ಕಿದ್ದು ಸೌದೆಮನೆಯಲ್ಲಿ, ಮದುವೆಯ ಸೂಟಿನಲ್ಲೇ ಬರ್ಚ್ ಮರದ ತುಂಡುಗಳನ್ನು ಸೀಳುತ್ತ. ಅದು ಎರಡು ಸಾವಿರದ ಎಂಟು. ಅಷ್ಟು ಹೊತ್ತಿಗೆ ಅವನಿಗೆ ಇದೆಲ್ಲ ಗೊತ್ತಾಗಿ ಹದಿನೈದು ವರ್ಷವಾಗಿತ್ತು.

ಒಂದೇ ಒಂದು ಮಾತು ಸಾಕಿತ್ತು ಅವನಿಗೆ. ನಿನ್ನ ಮುತ್ತಜ್ಜನಿಗೆ ಅಪ್ಪನೂ ಇಲ್ಲ ಅಮ್ಮನೂ ಇಲ್ಲ, ನಮ್ಮ ಯಾಕುಬಜ್ಜ ಎತ್ತಿಕೊಳ್ಳದಿದ್ದರೆ ನರಿಯ ಪಾಲಾಗುತ್ತಿದ್ದ, ನೀನು ಹುಟ್ಟುತ್ತಲೇ ಇರಲಿಲ್ಲ ಎಂದು. ಮೂವತ್ತೊಂದು ವರ್ಷ, ನೂರಾರು ಜಗಳ, ಒಂದು ಸಲವಾದರೂ ನಾಲಿಗೆ ಜಾರಬೇಡವೇ? ತಾನಾಗಿದ್ದರೆ ಮೊದಲ ದಿನವೇ, ಬಸ್ಸಿನಿಂದ ಇಳಿಯುವ ಮೊದಲೇ, ಊರಿಗೆಲ್ಲ ಕೇಳುವಂತೆ ಕಿರುಚುತ್ತಿದ್ದೆ ಎಂದು ರೆಗೀನಾಗೆ ಚೆನ್ನಾಗಿ ಗೊತ್ತಿತ್ತು. ಅವಳಿಗೆ ನಾಚಿಕೆಯಾಯಿತು. ಮುತ್ತಜ್ಜನ ಬಗ್ಗೆ ಅಲ್ಲ. ಹಿಮದಲ್ಲಿ ಬಿದ್ದು ಬದುಕಿದ ಆ ಕೂಸಿನ ಬಗ್ಗೆ ನಾಚಿಕೆ ಪಡುವುದೇನಿದೆ? ನಾಚಿಕೆಯಾದದ್ದು ತನ್ನ ಬಾಯಿಯ ಬಗ್ಗೆ.

"ಬೇಕಾದ್ದು ಸಿಕ್ತಾ ಅಮ್ಮಾವ್ರೇ?" ಅಧಿಕಾರಿಣಿ ಪಕ್ಕಕ್ಕೆ ಬಂದು ನಿಂತಿದ್ದಳು. "ನಕಲು ಮಾಡ್ಕೊಡ್ಲಾ?"

"ಬೇಡ."

"ಕಂಪ್ಯೂಟರಲ್ಲಿ ಮಸುಕಾಗಿದೆ ಅಂತ ಬರೆದಿದ್ರಿ. ಅದನ್ನ ಹಾಕಿರೋ ಸ್ವಯಂಸೇವಕರಿಗೆ ಹೇಳಿ ಈ ಪುಟದ ಫೋಟೋ ಇನ್ನೊಂದ್ಸಲ ತೆಗೆಸ್ಬಹುದು. ಎಲ್ರಿಗೂ ಅನುಕೂಲ."

ರೆಗೀನಾ ದಫ್ತರವನ್ನು ಮೆಲ್ಲಗೆ ಮುಚ್ಚಿದಳು. "ಪಾಪ, ಸಂಬಳ ಇಲ್ದೆ ಮಾಡೋ ಕೆಲಸ ಅದು," ಎಂದಳು ಆಮೇಲೆ. "ಒಂದು ಪುಟಕ್ಕೋಸ್ಕರ ಯಾಕೆ ತೊಂದರೆ ಕೊಡೋದು."

"ಸರಿ. ಹಾಗಾದ್ರೆ ಹಾಳೇಲಿ ಒಂದು ಸಹಿ."

ಸಹಿ ಹಾಕದೆ ತಪ್ಪಿಸಿಕೊಳ್ಳುವ ಹಾಗಿರಲಿಲ್ಲ. ಮುಂದೆ ಯಾವತ್ತೋ ಯಾರೋ ಈ ಹೊದಿಕೆ ಬಿಚ್ಚಿದರೆ ಬ್ರೋನೆಕ್‌ನ ಎರಡು ಸಾಲಿನ ಕೆಳಗೆ ಅವಳ ಸಾಲು ಇರುತ್ತದೆ. ದಿನಾಂಕ ಬರೆದಳು. ರೆಗೀನಾ ವ್ರೋನಾ ಎಂದು ಬರೆದಳು. ಎಲ್ಲ ಕಡೆ ತವರಿನ ಹೆಸರನ್ನೂ ಅಡ್ಡಗೆರೆ ಹಾಕಿ ಸೇರಿಸುವುದು ಅವಳ ರೂಢಿ. ಈ ಸಲ ಸೇರಿಸಲಿಲ್ಲ. ಯಾತಕ್ಕೆ ಎಂಬ ಮನೆಯಲ್ಲಿ ಸೀಸದಕಡ್ಡಿ ಬಹಳ ಹೊತ್ತು ನಿಂತಿತು. ಕೊನೆಗೆ ಬರೆದಳು: ಗಂಡನ ಮನೆತನ.

ಬಸ್ ನಿಲ್ದಾಣದಿಂದ ಕ್ಸಾವೆರಿಗೆ ಫೋನು ಮಾಡಿದಳು.

"ಸಿಕ್ಕಿತಾ ರೆಗೀನಾ ಅವರೇ?"

"ಇಲ್ಲ. ಸುಟ್ಟೋಗಿದೆ."

"ಅಲ್ಲ, ಈಗ ತಾಣದಲ್ಲಿ ನೋಡಿದ ಹಾಗೆ ಆ ವರ್ಷದ ದಫ್ತರ—"

"ಕ್ಸಾವೆರಿ ಅವರೇ, ನಾನು ಖುದ್ದಾಗಿ ಹೋಗಿ ವಿಚಾರಿಸ್ಕೊಂಡು ಬಂದಿದೀನಿ. ನನ್ನ ಮಾತಿನ ಮೇಲೆ ಅನುಮಾನವಾ?"

ದಂತವೈದ್ಯ ತಡಬಡಾಯಿಸಿದ. "ಛೆ ಛೆ, ಹಾಗಲ್ಲ. ಆದ್ರೆ ನಿಮ್ಮ ಕೊಂಬೆ..."

"ಚುಕ್ಕಿಗೆರೇನೇ ಎಳೀರಿ. ಚೆನ್ನಾಗಿ ಎಳೀರಿ."

ಮನೆಗೆ ಬಂದಾಗ ಮಧ್ಯಾಹ್ನದ ಬಿಸಿಲು ಇನ್ನೂ ಅಂಗಳದಲ್ಲಿತ್ತು. ಬ್ರೋನೆಕ್ ಮೆಟ್ಟಿಲ ಮೇಲೆ ಕೂತು, ಕಾಡಿನಿಂದ ತಂದ ಅಣಬೆಗಳ ಬುಟ್ಟಿ ಮುಂದಿಟ್ಟುಕೊಂಡು, ಒಂದೊಂದರ ಬುಡದ ಮಣ್ಣನ್ನು ಚಾಕುವಿನಿಂದ ಕೆರೆಯುತ್ತಿದ್ದ. ಅವಳು ಬಂದದ್ದು ಗೊತ್ತಾದರೂ ತಲೆ ಎತ್ತಲಿಲ್ಲ. ಪಕ್ಕದಲ್ಲಿ ಟೋಪಿ ಇತ್ತು. ಬೈಗುಳಕ್ಕೋ ಅಳುವಿಗೋ, ಯಾವುದಕ್ಕಾದರೂ ಎದ್ದು ಹೋಗಲು ಅದನ್ನು ಹತ್ತಿರವೇ ಇಟ್ಟುಕೊಂಡಿದ್ದ.

ರೆಗೀನಾ ನೀಲಿ ಕೋಟು ಹಾಕಿಕೊಂಡೇ ಅವನ ಪಕ್ಕ ಕೂತಳು. ಟೋಪಿಯನ್ನು ತೆಗೆದು ತನ್ನ ಮಡಿಲಲ್ಲಿ ಇಟ್ಟುಕೊಂಡಳು. ಬುಟ್ಟಿಯಿಂದ ಒಂದು ಅಣಬೆ ಎತ್ತಿಕೊಂಡಳು. ಯಾವಾಗಲೂ ಅದು ವಿಷದ್ದೋ ಅಲ್ಲವೋ ಎಂದು ಬೆಳಕಿಗೆ ಹಿಡಿದು, ಮೂಸಿ, ಅವನನ್ನು ನಾಲ್ಕು ಪ್ರಶ್ನೆ ಕೇಳುವವಳು. ಇವತ್ತು ಸುಮ್ಮನೆ ಬುಡ ಕೆರೆದು ಪಾತ್ರೆಗೆ ಹಾಕಿದಳು.

"ಸಿಕ್ತಾ?" ಎಂದ ಬ್ರೋನೆಕ್, ಅಣಬೆಗೆ ಹೇಳಿದಂತೆ.

"ಇಲ್ಲ. ಸುಟ್ಟೋಗಿದೆಯಂತೆ."

ಬ್ರೋನೆಕ್ ಇನ್ನೊಂದು ಅಣಬೆಯ ಬುಡ ಕೆರೆದ. ಆಮೇಲೆ ಹೇಳಿದ, "ನಂಗೂ ಹಾಗೇ ಅಂದ್ರು."

"ಎರಡು ಸಲಾನೂ?"

ಚಾಕು ನಿಂತಿತು. ಈ ಸಲ ನಿಜವಾಗಿಯೂ ನಿಂತಿತು. ಬ್ರೋನೆಕ್ ಮುಖ ತಿರುಗಿಸಿ ಅವಳನ್ನು ನೋಡಿದ. ಅವಳ ಕೋಟಿನ ಮೇಲಿದ್ದ ಪದಕವನ್ನೂ ನೋಡಿದ.

"ಎರಡು ಸಲಾನೂ," ಎಂದ.